ಏರದ ಎದೆ, ನಡುಗುವ ಅಂಗೈ

ನನ್ನ ಗಂಡನಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಕಡಿಮೆ. ನನ್ನದು ಹಾಗಲ್ಲ. ಹಾಲು ಉಕ್ಕಿದರೂ ಕೋಪ, ಒಡೆದರೂ ಕೋಪ. ಬೆಟ್ಟದಪುರದ ಪಕ್ಕದ ಈ ಊರಿಗೆ ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ನಕ್ಕು ಹೇಳಿದ್ದರು, "ನನ್ ಮಗ ತಣ್ಣಗವ್ನೆ, ನೀನು ಬಿಸಿಯಾಗಿದ್ದೀಯ, ಎಲ್ಲಾ ಸರ್ಯಾಯ್ತದೆ ಬುಡು" ಅಂತ. ಅವರ ತಣ್ಣನೆಯ ಸ್ವಭಾವವನ್ನು ಊರೆಲ್ಲ ಹೊಗಳುತ್ತಿತ್ತು. ಜಗಳ ಬಿಡಿಸಲು ಅವರನ್ನೇ ಕರೆಯುತ್ತಿದ್ದರು. ಅಷ್ಟು ನಿಧಾನಸ್ಥನ ಎದೆಯೂ ನಿಧಾನವೇ ಆಗಿಬಿಟ್ಟಿದೆ ಎಂದು ಯಾರಿಗೆ ತಾನೇ ಹೊಳೆದೀತು?

ನಮ್ಮದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಬೇಯಿಸುವ ಎತ್ತರದ ಬ್ಯಾರನ್ ಮನೆಯೊಳಗೆ ಸಾಲುಸಾಲಾಗಿ ನೇತುಹಾಕಬೇಕು. ಒಬ್ಬರು ಒಳಗಿನ ತೊಲೆಗಳ ಮೇಲೆ ಕಾಲಿಟ್ಟುಕೊಂಡು ಸೂರಿನವರೆಗೆ ಹತ್ತುತ್ತಾರೆ, ಇನ್ನೊಬ್ಬರು ಕೆಳಗಿನಿಂದ ಕಡ್ಡಿ ಎತ್ತಿ ಕೊಡುತ್ತಾರೆ. ಮದುವೆಯಾದ ವರ್ಷದಿಂದ ಹತ್ತುವುದು ಅವರ ಕೆಲಸ, ಎತ್ತಿ ಕೊಡುವುದು ನನ್ನದು. ಒಂದು ವರ್ಷ ಅವರು ಮೊದಲನೆಯ ತೊಲೆಯ ಮೇಲೇ ನಿಂತುಬಿಟ್ಟರು. ನನ್ನ ಕೈಯಲ್ಲಿ ಕಡ್ಡಿ ಭಾರವಾಗುತ್ತಿತ್ತು.

"ಏನ್ರೀ, ಅಲ್ಲೇ ನಿದ್ದೆ ಮಾಡ್ತಿದ್ದೀರಾ?"

"ತಡಿಯೇ, ವಸಿ ಉಸ್ರು ಸಿಗ್ಲಿ."

"ಅತ್ತಿರೋದು ಒಂದು ತೊಲೆ. ಅಷ್ಟಕ್ಕೆಲ್ಲಾ ಉಸ್ರು ಓಯ್ತಾ?"

ಅವರು ತೊಲೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಇಳಿದು ಬಂದಾಗ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆವತ್ತಿನಿಂದ ಹತ್ತಲು ಆಳು ಬಂತು.

ಪಿರಿಯಾಪಟ್ಟಣದಲ್ಲಿ ತೋರಿಸಿದೆವು, ಹುಣಸೂರಿನಲ್ಲಿ ತೋರಿಸಿದೆವು. ಎಲ್ಲ ಕಡೆಯೂ ಅವರನ್ನು ಮಲಗಿಸಿ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. "ಗಡಿಯಾರದ ಹಾಗಿದೆ ನಿಮ್ಮ ಯಜಮಾನರ ನಾಡಿ, ಯೋಚನೆ ಮಾಡಬೇಡಿ" ಎಂದರು. ಗ್ಯಾಸಿಗೆ ಮಾತ್ರೆ ಕೊಟ್ಟರು. ಮಲಗಿದ ಮನುಷ್ಯನಿಗೆ ಯಾವ ತೊಂದರೆಯೂ ಇರಲಿಲ್ಲ, ತೊಂದರೆ ಇದ್ದದ್ದು ಎದ್ದು ನಡೆಯುವ ಮನುಷ್ಯನಿಗೆ. ಬಾಯಿ ಬಡಿದುಕೊಂಡು ಹೇಳಿದೆ, "ಸಾರ್, ಕೂತಾಗ ಚೆನ್ನಾಗವ್ರೆ, ಒಂದೀಟು ಏರು ಸಿಕ್ಕಿದ್ರೆ ಬಿದ್ದೋಯ್ತಾರೆ" ಅಂತ. ವಯಸ್ಸಾಯಿತಲ್ಲಮ್ಮ ಎಂದರು. ಆಗಿನ್ನೂ ಅವರಿಗೆ ಐವತ್ತೆರಡು.

ಕಡೆಗೆ ಕೆ.ಆರ್. ನಗರಕ್ಕೆ ಕೊಟ್ಟಿರುವ ನಮ್ಮ ಮಗಳು ಹಟ ಹಿಡಿದು ಮೈಸೂರಿನ ದೊಡ್ಡಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಓಡುವ ಪಟ್ಟಿಯ ಮೇಲೆ ನಡೆಸಿದರು. ಪಂಚೆ ಬಿಚ್ಚಿಸಿ ಪೈಜಾಮ ಹಾಕಿಸಿದ್ದರು. ಪಟ್ಟಿ ಜೋರಾಯಿತು, ಅವರ ಕಾಲೂ ಜೋರಾಯಿತು, ಪಕ್ಕದ ಪರದೆಯ ಮೇಲಿನ ಅಂಕಿ ಮಾತ್ರ ಇದ್ದಲ್ಲೇ ಇತ್ತು. ಪಟ್ಟಿ ಏರುಮುಖವಾಯಿತು. ಅಂಕಿ ಒಂದಿಷ್ಟು ಅಲ್ಲಾಡಿ ಮತ್ತೆ ಕೂತುಬಿಟ್ಟಿತು. ಅವರ ಕಣ್ಣು ಮೇಲಾದಾಗ ಇಬ್ಬರು ಹಿಡಿದುಕೊಂಡರು. ನಾನು ಕಿರುಚಿದ್ದು ಕಾರಿಡಾರಿನವರೆಗೂ ಕೇಳಿಸಿತಂತೆ, ಮಗಳು ಆಮೇಲೆ ಬೈದಳು.

ಡಾಕ್ಟರು ಹೆಂಗಸು. ನಮ್ಮ ಭಾಷೆಯಲ್ಲೇ ಬಿಡಿಸಿ ಹೇಳಿದರು. "ಗದ್ದೆಗೆ ಜಾಸ್ತಿ ನೀರು ಬೇಕಾದಾಗ ಪಂಪು ಜೋರಾಗಬೇಕಲ್ವಾಮ್ಮ? ಮೈಗೆ ಕೆಲಸ ಕೊಟ್ಟಾಗ ಎದೆನೂ ಹಾಗೆ ಜೋರಾಗಿ ಬಡೀಬೇಕು. ಇವರದ್ದು ಜೋರಾಗ್ತಾನೇ ಇಲ್ಲ. ಯಾಕೆ ಆಗ್ತಿಲ್ಲ ಅಂತ ನೋಡಬೇಕು. ಎದೆಯ ಮಾಂಸದಲ್ಲಿ ಗಾಯದ ಕಲೆ ಇದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ. ಕಲೆ ಇದ್ದರೆ ಎದೆ ಥಟ್ಟನೆ ನಿಂತುಹೋಗಬಹುದು. ಆಗ ಬರೀ ಬಡಿತ ಏರಿಸೋ ಯಂತ್ರ ಸಾಲಲ್ಲ, ನಿಂತ ಎದೆಯನ್ನು ಎಬ್ಬಿಸೋ ಯಂತ್ರ ಇಡಬೇಕು. ಯಾವುದು ಅಂತ ಚಿತ್ರ ನೋಡಿಯೇ ಹೇಳೋಕಾಗೋದು. ಯಂತ್ರ ಇಟ್ಟ ಮೇಲೆ ಚಿತ್ರ ಸರಿಯಾಗಿ ಬರಲ್ಲ, ಅದಕ್ಕೇ ಚಿತ್ರ ಮೊದಲು."

ಇಂಥ ಎದೆಗಳ ಬಗ್ಗೆ ಅವರು ಒಂದು ಅಧ್ಯಯನವನ್ನೇ ನಡೆಸುತ್ತಿದ್ದರಂತೆ. ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಮಲಗಿದಲ್ಲೇ ಕಾಲಿನಿಂದ ಪೆಡಲ್ ತುಳಿಸಿ, ದುಡಿಯುತ್ತಿರುವ ಎದೆಯ ಚಿತ್ರ ತೆಗೆಯುತ್ತಾರಂತೆ. ಅಧ್ಯಯನ ಎಂದ ಕೂಡಲೇ ನನಗೆ ಮೈ ಉರಿಯಿತು. "ನಿಮ್ಮ ಓದಿಗೆ ನನ್ನ ಗಂಡನೇ ಬೇಕಿತ್ತಾ?" ಎಂದುಬಿಟ್ಟೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ಓದಿಗೂ ಆಗುತ್ತೆ, ನಿಮ್ಮ ಯಜಮಾನರಿಗೂ ಆಗುತ್ತೆ" ಎಂದರು. ನಂಬದೆ ಬೇರೆ ದಾರಿಯಿರಲಿಲ್ಲ, ನಂಬಿದೆ. ಮೈ ಮೇಲೆ ಲೋಹದ ವಸ್ತು ಏನೂ ಇರಬಾರದು, ಉಡಿದಾರದ ಕೊಂಡಿಯೂ ಇರಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಅಲ್ಲಿ ಶುರುವಾಯಿತು ನೋಡಿ ನನ್ನ ಕರ್ಮ. ನಾವು ಲಿಂಗ ಕಟ್ಟಿಕೊಳ್ಳುವ ಜನ. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ, ಅದು ಕೊರಳಿನ ದಾರದಲ್ಲಿ ಎದೆಯ ಮೇಲೆ. ಹುಡುಗನಾಗಿದ್ದಾಗ ಕಟ್ಟಿದ್ದು, ಅವತ್ತಿನಿಂದ ಇವರ ಮೈ ಬಿಟ್ಟಿಲ್ಲ. ಪೂಜೆಗೆ ತೆಗೆದರೆ ಎಡ ಅಂಗೈಗೆ, ಪೂಜೆ ಮುಗಿದರೆ ಮತ್ತೆ ಎದೆಗೆ. ಲಿಂಗ ಬಿಟ್ಟ ಮೈ ಹೆಣ ಎಂದು ಅವರಪ್ಪ ಹೇಳಿಕೊಟ್ಟಿದ್ದರು. ನಾನೂ ಕಟ್ಟಿಕೊಂಡವಳೇ, ಆದರೆ ಆಪರೇಷನ್ ಆದಾಗ ತೆಗೆದಿಟ್ಟು ಆಮೇಲೆ ಕಟ್ಟಿಕೊಂಡಿದ್ದೆ, ಶಿವ ನನ್ನನ್ನು ಬೈದಿರಲಿಲ್ಲ. ಅವರು ಒಪ್ಪುತ್ತಾರೋ ಇಲ್ಲವೋ ಎಂದು ನನಗೆ ದಿಗಿಲು.

ಆದರೆ ಆ ದಿನ ಬಟ್ಟೆ ಬದಲಿಸುವ ಕೋಣೆಯಿಂದ ಬಂದವರು ತಾವಾಗಿಯೇ ಕರಡಿಗೆಯನ್ನು ನನ್ನ ಕೈಗಿಟ್ಟರು. "ಉಸಾರು" ಎಂದರು ಅಷ್ಟೇ. ಇಷ್ಟು ಸುಲಭಕ್ಕೆ ಒಪ್ಪಿದರಲ್ಲ ಎಂದು ನನಗೆ ಸಂತೋಷ. ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬೆಂಚಿನ ಮೇಲೆ ಕೂತೆ. ಯಂತ್ರದ ಹುಡುಗಿ ಬಾಗಿಲಲ್ಲಿ ನಿಂತು, "ಮೆಟಲ್ ಏನೂ ಇಲ್ಲ ತಾನೇ ಸಾರ್?" ಎಂದು ಕೇಳಿದ್ದು, ಅವರು "ಇಲ್ಲ ಕಣವ್ವ" ಎಂದದ್ದು ನನಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಒಳಗೆ ಗಲಿಬಿಲಿ. ಆ ಹುಡುಗಿ ಹೊರಗೆ ಓಡಿದಳು, ಡಾಕ್ಟರನ್ನು ಕರೆದುಕೊಂಡು ಬಂದಳು. ಬಾಗಿಲು ತೆರೆದಿತ್ತು, ನನ್ನನ್ನು ತಡೆಯುವವರು ಯಾರಿದ್ದರು? ಗಾಜಿನ ಈಚೆಗಿದ್ದ ಪರದೆಯ ಮೇಲೆ ಬೂದುಬಣ್ಣದಲ್ಲಿ ಒಂದು ಎದೆಗೂಡು. ಅದರ ನಡುವೆ, ಎದೆ ಇರಬೇಕಾದ ಕಡೆಯಲ್ಲೇ, ಕರ್ರಗೆ ಒಂದು ತೂತು. ಬಾವಿಯ ಬಾಯಿಯಂತೆ. ಅಂಚಿನಲ್ಲಿ ಮಾಂಸ ತಿರುಚಿಕೊಂಡು ಕಾಣುತ್ತಿತ್ತು. ಅಯ್ಯೋ ನನ್ನಪ್ಪಾ, ಎದೆಯನ್ನೇ ಏನೋ ತಿಂದುಬಿಟ್ಟಿದೆ, ಇವರು ಇಷ್ಟು ದಿನ ಎದೆಯೇ ಇಲ್ಲದೆ ನಮ್ಮ ಜೊತೆ ಓಡಾಡುತ್ತಿದ್ದರು ಎಂದುಕೊಂಡೆ. ನೆಲಕ್ಕೆ ಕುಸಿದೆ. ಬ್ಯಾರನ್ನಿನಲ್ಲಿ ಬೈದದ್ದೆಲ್ಲ ಒಟ್ಟಿಗೆ ನೆನಪಿಗೆ ಬಂತು.

ಡಾಕ್ಟರು ನನ್ನ ಭುಜ ಹಿಡಿದು, "ಅಮ್ಮಾ, ಅದು ಎದೆಯ ತೂತಲ್ಲ. ಎದೆ ಮೇಲೆ ಏನೋ ಇದೆ, ಅದಕ್ಕೆ ಚಿತ್ರ ಕೆಟ್ಟಿದೆ. ಏನಿದೆ ಹೇಳಿ" ಎಂದರು. ನನಗೆ ಆಗ ಹೊಳೆಯಿತು. ಸೆರಗು ಬಿಚ್ಚಿ ಕರಡಿಗೆಯ ಮುಚ್ಚಳ ತೆಗೆದೆ. ಖಾಲಿ! ಬೆಳ್ಳಿಯನ್ನು ನನಗೆ ಕೊಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಆಸ್ಪತ್ರೆಯ ಗೌನಿನ ಒಳಗೆ ಎದೆಗೆ ಕಟ್ಟಿಕೊಂಡು ಮಲಗಿದ್ದರು ಮಹಾರಾಯರು. ಲಿಂಗಕ್ಕೆ ಬಳಿದಿರುವ ಕಪ್ಪು ಲೇಪದಲ್ಲಿ ಕಬ್ಬಿಣದ ಪುಡಿ ಸೇರಿರಬಹುದು, ಆ ಯಂತ್ರಕ್ಕೆ ಅಷ್ಟು ಸಾಕು ಎಂದರು ಡಾಕ್ಟರು. ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಪಾಳಿಯಲ್ಲಿ ಬೇರೆಯವರು ಕಾದಿದ್ದರು, ನಮಗೆ ಮುಂದಿನ ತಿಂಗಳ ದಿನ ಕೊಟ್ಟು ಕಳಿಸಿದರು.

ಹುಣಸೂರಿನ ಬಸ್ಸಿನಲ್ಲಿ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

"ನಾನು ಸುಳ್ಳು ಏಳ್ಲಿಲ್ಲ" ಎಂದರು ಅವರು. "ಮೆಟಲ್ ಐತಾ ಅಂದ್ಳು. ಬೆಳ್ಳಿ ತಗ್ದು ನಿನ್ ಕೈಗೆ ಕೊಟ್ಟೆ. ಲಿಂಗ ಕಲ್ಲು ಕಣೇ, ಲೋಹ ಅಲ್ಲ."

"ನಿಮ್ಮ ಕಲ್ಲಿನಿಂದ ಎದೆ ಕಾಣ್ದಂಗಾಯ್ತಲ್ರೀ!"

"ಅವ್ನೇ ಅಡ್ಡ ಬಂದ ಅಂದ್ರೆ ನೋಡೋದು ಬ್ಯಾಡ ಅಂತಾನೇ ಇರ್ಬೈದು."

ದೇವರ ಮೇಲೆ ಭಾರ ಹಾಕಿದ ಮನುಷ್ಯನ ಜೊತೆ ಯಾರು ವಾದ ಮಾಡುತ್ತಾರೆ? ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋದರು.

ಆ ತಿಂಗಳು ಹೇಗೆ ಕಳೆಯಿತು ಎಂದು ಕೇಳಬೇಡಿ. ಒಂದು ಬೆಳಿಗ್ಗೆ ಹೊಲದ ಬದುವಿನಲ್ಲಿ ಬಿದ್ದರು. ಹಸುವಿಗೆ ಹುಲ್ಲು ತರುತ್ತೇನೆ ಎಂದು ಹೋದವರು, ಮುಖ ಅಡಿಯಾಗಿ, ಹುಲ್ಲಿನ ಹೊರೆ ಬೆನ್ನಿನ ಮೇಲೆ. ನಾನು ಹೊರೆ ಎಳೆದು ಬಿಸಾಕಿ, ಅವರನ್ನು ಮಗುಚಿ, ಬಾಯೊಳಗಿನ ಮಣ್ಣು ತೆಗೆದೆ. ಸುತ್ತಲೂ ಯಾರೂ ಇಲ್ಲ. ಕೂಗಿದೆ, ಕೂಗಿದೆ. ಎದೆಗೆ ಕಿವಿಯಿಟ್ಟರೆ ಕರಡಿಗೆ ಕಿವಿಗೆ ತಣ್ಣಗೆ ಒತ್ತುತ್ತದೆ, ಒಳಗಿನದು ಕೇಳಿಸುವುದಿಲ್ಲ. ಕೊನೆಗೂ ಕಣ್ಣು ಬಿಟ್ಟು, "ಸೊಪ್ಪಿಗೆ ನೀರು ಬುಟ್ಟಿದ್ಯಾ?" ಎಂದು ಕೇಳಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅವರ ಕೆನ್ನೆಗೊಂದು ಬಿಟ್ಟೆ. ಮೂವತ್ತು ವರ್ಷದಲ್ಲಿ ಗಂಡನ ಮೇಲೆ ಕೈ ಮಾಡಿದ್ದು ಅದೊಂದೇ ಸಲ, ಆ ಹೊಡೆತ ನನಗೆ ಈಗಲೂ ಸರಿ ಅನ್ನಿಸುತ್ತದೆ.

ಅವತ್ತು ತೀರ್ಮಾನ ಮಾಡಿದೆ. ಲಿಂಗಪೂಜೆ ಮಾಡದೆ ನಾವು ಊಟ ಮಾಡುವುದಿಲ್ಲ, ಅದು ನಮ್ಮ ಮನೆಯ ಕಟ್ಟಳೆ. ನಾನು ಪೂಜೆ ಮಾಡುವುದನ್ನೇ ನಿಲ್ಲಿಸಿದೆ. ಅವರಿಗೆ ತಟ್ಟೆ ಹಾಕಿ, ಮುದ್ದೆ ಬಡಿಸಿ, ಕಂಬಕ್ಕೆ ಒರಗಿ ಕೂತೆ.

"ನಿಂದೆಲ್ಲಿ?" ಎಂದರು.

"ನಾನು ಪೂಜೆ ಮಾಡಿಲ್ಲ."

"ಯಾಕೆ?"

"ನೀವು ಅದನ್ನ ತೆಗೆದಿಟ್ಟು ಆ ಯಂತ್ರದೊಳಕ್ಕೆ ಓಗೋವರ್ಗೂ ಮಾಡಲ್ಲ."

ಅವರು ತಟ್ಟೆಯನ್ನು ಸರಿಸಿ ಎದ್ದರು. ಮರುದಿನ ಸಂಜೆಯ ಹೊತ್ತಿಗೆ ಇಬ್ಬರೂ ಜಗಲಿಯ ಮೇಲೆ ಒಣಗಿದ ಸೊಪ್ಪಿನ ಹಾಗೆ ಕೂತಿದ್ದೆವು. ಅವರ ಎದೆಗೆ ಉಪವಾಸ ಆಗದೆಂದು ನನಗೆ ಗೊತ್ತಿತ್ತು. ನಾನು ಹೂಡಿದ ಹಟವೇ ಅವರನ್ನು ಕೊಲ್ಲುತ್ತದೆಯೇನೋ ಎಂದು ಒಳಗೊಳಗೇ ನಡುಗುತ್ತಿದ್ದೆ. ಸೋತುಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಎಲ್ಲಿಡ್ತೀಯೇ ಅದನ್ನ? ಬೀರುವಿನಲ್ಲಿ ಇಡೋಕೆ ಅದೇನು ಒಡವೆಯಾ? ಅದಕ್ಕೆ ಇರೋದು ಎರಡೇ ಜಾಗ. ನನ್ನ ಎದೆ, ಇಲ್ದಿದ್ರೆ ನನ್ನ ಅಂಗೈ."

ನನಗೆ ಮಾತು ಎಲ್ಲಿಂದ ಬಂತೋ ಕಾಣೆ. ಎಡಗೈ ಚಾಚಿದೆ. "ಧಾರೆ ಎರೆದಾಗ ಈ ಕೈನ ಯಾರಿಗೆ ಕೊಟ್ಟಿದ್ದು? ಇದು ನಿಮ್ದಲ್ವಾ? ಇದರ ಮೇಲೆ ಇಡಿ. ನೀವು ಒರಗೆ ಬರೋವರ್ಗೂ ಕೆಳಗಿಳಿಸಲ್ಲ."

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಅವರು ನನ್ನ ಅಂಗೈಯನ್ನೇ ಬಹಳ ಹೊತ್ತು ನೋಡಿದರು. ಸೊಪ್ಪು ಮುರಿದ ಅಂಟು ಗೆರೆಗೆರೆಗೂ ಕಪ್ಪಾಗಿ ಕೂತ ಅಂಗೈ. "ಉಣಿಸೇಹಣ್ಣು ಆಕಿ ತಿಕ್ಕಿ ತೊಳ್ಕೋ" ಎಂದರು. ಒಪ್ಪಿದರು ಎಂದು ಅರ್ಥವಾಯಿತು. ಒಳಗೆ ಹೋಗಿ ಹುಣಸೇಹಣ್ಣು ಕಿವುಚಿ ಕೈ ತಿಕ್ಕುತ್ತಾ ಜೋರಾಗಿ ಅತ್ತೆ.

ಎರಡನೆಯ ಸಲ ಆ ಬಾಗಿಲ ಮುಂದೆ ಅವರು ಕರಡಿಗೆಯನ್ನು ಬಿಚ್ಚಿ ಮಗಳ ಕೈಗೆ ಕೊಟ್ಟರು. ಲಿಂಗವನ್ನು ಕಣ್ಣಿಗೊತ್ತಿಕೊಂಡು ನನ್ನ ಅಂಗೈಯಲ್ಲಿಟ್ಟರು. ಕೊರಳು ಬರಿದಾದ ಮನುಷ್ಯ ಒಂದು ಗಳಿಗೆ ಎದೆಯನ್ನು ತಡವಿಕೊಂಡರು, ಏನೋ ಕಳೆದುಕೊಂಡವರು ಜೇಬು ತಡವುವಂತೆ. ಹಿಂತಿರುಗಿ ನೋಡದೆ ಒಳಗೆ ಹೋದರು.

ನಾನು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಅಂಗೈ ಎದೆಯ ಎತ್ತರಕ್ಕೆ. ಮಗಳು ನೀರು ಕೊಡಲು ಬಂದಳು, ಬೇಡ ಎಂದೆ. ಹೋಗಿ ಬರುವವರೆಲ್ಲ ನೋಡುತ್ತಿದ್ದರು. ಮೊದಮೊದಲು ಮೊಣಕೈ ನೋಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಕೈ ತಾನಾಗಿಯೇ ನಡುಗಲು ಶುರುವಾಯಿತು. ಗೋಡೆಯಾಚೆಯಿಂದ ಯಂತ್ರ ಗಟ್ಟಿಯಾಗಿ ಬಡಿಯುತ್ತಿತ್ತು. ಇಷ್ಟು ಬಡಿತ ಅವರ ಎದೆಗೆ ಕೊಡಬಾರದಿತ್ತೇ ಎಂದು ಶಿವನನ್ನು ಕೇಳಿದೆ. ಅವನು ನನ್ನ ಕೈಯಲ್ಲೇ ಇದ್ದ, ಸುಮ್ಮನಿದ್ದ.

ಬಾಗಿಲು ಒಮ್ಮೆ ತೆರೆದಾಗ ಗಾಜಿನಾಚೆ ಅವರ ಕಾಲು ಕಂಡಿತು. ಯಂತ್ರದ ಬಾಯಿಂದ ಈಚೆಗಿದ್ದ ಎರಡು ಬರಿಗಾಲು, ಒಡೆದ ಹಿಮ್ಮಡಿ, ಪೆಡಲ್ ತುಳಿಯುತ್ತಿದ್ದವು. ಒಳಗೆ ಯಾರೋ, "ಏರ್ತಿಲ್ಲ ಡಾಕ್ಟ್ರೇ" ಎನ್ನುವುದು ಕೇಳಿಸಿತು. ದಿಣ್ಣೆ ಹತ್ತಲಾರದ ಗಾಡಿಯೆತ್ತಿಗೆ ಹೇಳುವ ಹಾಗೆ ನಾನು ಬಾಯೊಳಗೇ "ಏರು, ಏರು, ಏರಪ್ಪಾ" ಎಂದೆ. ನನ್ನ ಎದೆ ಕಿವಿಯಲ್ಲಿ ಬಡಿಯುತ್ತಿತ್ತು. ಅದರಲ್ಲಿ ಅರ್ಧ ತೆಗೆದು ಅವರಿಗೆ ಕೊಡಿ ಎಂದರೆ ಅಲ್ಲೇ ಸೀಳಿಸಿಕೊಂಡು ಕೊಡುತ್ತಿದ್ದೆ. ಆಗ ಬೇಡದ ಯೋಚನೆಯೊಂದು ಬಂತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಬೆನ್ನು ನೆಟ್ಟಗೆ ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು ಮಣ್ಣು ಮುಚ್ಚುತ್ತೇವೆ. ನಾನು ಕೂತಿದ್ದದ್ದು ಹಾಗೆಯೇ. ಛೀ ಎಂದು ಉಗುಳು ನುಂಗಿದೆ, ಆ ಯೋಚನೆ ಹೋಗಲಿಲ್ಲ.

ಅವರು ಹೊರಗೆ ಬಂದಾಗ ನನ್ನ ಬೆರಳು ಮಡಿಸಲೂ ಆಗುತ್ತಿರಲಿಲ್ಲ. ನಡುಗುತ್ತಿದ್ದ ಅಂಗೈಯ ಅಂಚಿಗೆ ಲಿಂಗ ಜಾರಿ ಬಂದಿತ್ತು. ಅವರು ಗಬಕ್ಕನೆ ಎತ್ತಿಕೊಂಡರು. ನನ್ನ ಕೈಯನ್ನು ನೋಡಿದರು.

ಈ ಸಲ ಚಿತ್ರದಲ್ಲಿ ಎದೆ ಪೂರ್ತಿ ಕಂಡಿತು. ಕಾಣದಿದ್ದರೇ ಚೆನ್ನಾಗಿತ್ತೇನೋ. ಕಪ್ಪು ಮಾಂಸದ ಗೋಡೆಯ ಮೇಲೆ ಬಿಳೀ ಪಟ್ಟೆಗಳು, ವಿಭೂತಿ ಎಳೆದ ಹಾಗೆ. "ಬೆಳ್ಳಗಿರೋದೆಲ್ಲ ಕಲೆ. ಅಲ್ಲಿ ಮಾಂಸ ಕೆಲಸ ಮಾಡಲ್ಲ" ಎಂದರು ಡಾಕ್ಟರು. ಯಾವಾಗಲೋ ಬಂದು ಹೋದ ಉರಿಯೂತ ಇರಬಹುದು, ಇನ್ನೂ ಹರಡಬಹುದು, ಹರಡದೆಯೂ ಇರಬಹುದು. ನಿಂತ ಎದೆಯನ್ನು ಎಬ್ಬಿಸುವ ಯಂತ್ರವನ್ನೇ ಇಡಬೇಕು, ಬಡಿತವನ್ನೂ ಅದೇ ಏರಿಸುತ್ತದೆ. ಚಿತ್ರ ತೆಗೆಸದೆ ಹೋಗಿದ್ದರೆ ತಪ್ಪು ಯಂತ್ರ ಇಟ್ಟುಬಿಡುತ್ತಿದ್ದೆವು ಎಂದರು. "ಇವರು ಉಳೀತಾರಾ?" ಎಂದು ನಾನು ನೇರವಾಗಿ ಕೇಳಿದೆ. "ಇವತ್ತಿಗೆ ಉಳಿಸಿಕೊಂಡಿದ್ದೀವಿ. ಮುಂದಿನದು ನನಗೂ ಗೊತ್ತಿಲ್ಲಮ್ಮ" ಎಂದರು. ಅವರು ನನ್ನ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಯಂತ್ರ ಇಟ್ಟರು. ಈಗ ಹೊಲದ ತನಕ ನಡೆಯುತ್ತಾರೆ. ಬ್ಯಾರನ್ನಿನ ಒಳಗೆ ಹತ್ತುವುದಿಲ್ಲ, ಬಾಗಿಲಲ್ಲಿ ಕೂತು ಆಳಿಗೆ ಹೇಳುತ್ತಾರೆ. ಆರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗುತ್ತೇವೆ. ಪ್ರತಿ ಸಲವೂ ಡಾಕ್ಟರ ಮುಖವನ್ನು ಆಕೆ ಬಾಯಿ ತೆರೆಯುವ ಮೊದಲೇ ಓದಲು ನೋಡುತ್ತೇನೆ. ಕಳೆದ ಸಲ ಆಕೆ ಕಣ್ಣು ತಪ್ಪಿಸಿದರು. ಎದೆಯ ಬಲ ಕುಗ್ಗಿದೆಯಂತೆ, ಕಲೆ ಹರಡಿರಬೇಕಂತೆ.

ಅದಾದ ಮರುದಿನ ಬೆಳಿಗ್ಗೆ ಪೂಜೆಗೆ ಕೂತವರು ನನ್ನನ್ನು ಕೂಗಿದರು.

"ಬಾರೇ ಇಲ್ಲಿ. ಎಡಗೈ ಕೊಡು."

"ಯಾಕೆ?"

"ಕೊಡು ಅಂದ್ರೆ ಕೊಡು." ಲಿಂಗವನ್ನು ನನ್ನ ಅಂಗೈಯಲ್ಲಿಟ್ಟರು. "ಅವತ್ತು ಆಸ್ಪತ್ರೇಲಿ ನಿನ್ ಕೈ ನಡುಗ್ತಿತ್ತು. ಬೀಳೋದ್ರಲ್ಲಿತ್ತು."

"ಅಷ್ಟೊತ್ತು ಇಡ್ಕಂಡಿದ್ದೆ ಕಣ್ರೀ. ನಡುಗದೆ ಇನ್ನೇನಾಯ್ತದೆ?"

"ಅದಕ್ಕೇ ಏಳ್ತಿರೋದು. ನನ್ನ ಮಣ್ಣು ಮಾಡೋ ದಿನ ಇದನ್ನ ನನ್ನ ಕೈಲಿಡೋಳು ನೀನೇ. ಬ್ಯಾರೆ ಯಾರೂ ಬ್ಯಾಡ. ಅವತ್ತು ಬೀಳ್ಬಾರ್ದು. ದಿನಾ ವಸಿ ವಸಿ ಇಡ್ಕೊ, ಅಭ್ಯಾಸ ಆಗ್ಲಿ. ನಿನ್ ಕೈ ನೆಟ್ಟಗೆ ನಿಂತ್ರೆ ನಂಗೇನೂ ಯೋಚ್ನೆ ಇಲ್ಲ, ನೆಮ್ದಿಯಾಗಿ ಒರಡ್ತೀನಿ."

ಬಾಯಿಗೆ ಬಂದ ಹಾಗೆ ಬೈದೆ. ಅವರು ತಣ್ಣಗೆ ಕೂತು ಬೈಸಿಕೊಂಡರು. ಮರುದಿನ ಮತ್ತೆ ಕರೆದರು. ಅದರ ಮರುದಿನವೂ. ಈಗ ದಿನಾ ಬೆಳಿಗ್ಗೆ ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತು ಅಂಗೈ ಚಾಚುತ್ತೇನೆ. ಅವರು ಲಿಂಗ ಇಟ್ಟು, ಕಣ್ಣು ಕಿರಿದು ಮಾಡಿ ನನ್ನ ಕೈಯನ್ನೇ ನೋಡುತ್ತಾರೆ. "ಇನ್ನೂ ನಡುಗ್ತದೆ ಕಣೇ" ಎನ್ನುತ್ತಾರೆ. "ಊ ಕಣ್ರೀ, ಇನ್ನೂ ನಡುಗ್ತದೆ" ಎನ್ನುತ್ತೇನೆ.

ನನ್ನ ಕೈ ನಡುಗುವುದು ನಿಂತು ಬಹಳ ದಿನವಾಯಿತು. ಬೇಕೆಂದೇ ನಡುಗಿಸುತ್ತೇನೆ.